ಮೂರು ಚಾನೆಲ್‌ಗಳ ಶನಿವಾರ: ಬ್ರಿಟನ್ನಿನಲ್ಲಿ ಟಿವಿ ಸಂಜೆಯನ್ನು ಕಟ್ಟುತ್ತಿದ್ದ ಬಗೆ

1970ರ ದಶಕದಲ್ಲಿ ಬ್ರಿಟನ್ನಿನ ಶನಿವಾರದ ಟಿವಿ ಸಂಜೆ ಶುರುವಾಗುತ್ತಿದ್ದದ್ದು ಫುಟ್‌ಬಾಲ್ ಫಲಿತಾಂಶಗಳಿಂದ. ಲೀಗ್ ಪಂದ್ಯಗಳಲ್ಲಿ ಹೆಚ್ಚಿನವು ಮಧ್ಯಾಹ್ನ 3ಕ್ಕೆ ಒಟ್ಟಿಗೆ ಆರಂಭವಾಗಿ 4:40ರ ಆಸುಪಾಸಿನಲ್ಲಿ ಒಟ್ಟಿಗೇ ಮುಗಿಯುತ್ತಿದ್ದವು. ಬಿಬಿಸಿ-1ರ ‘ಗ್ರ್ಯಾಂಡ್‌ಸ್ಟ್ಯಾಂಡ್’ ಕ್ರೀಡಾ ಕಾರ್ಯಕ್ರಮದ ಕೊನೆಯಲ್ಲಿ ಟೆಲಿಪ್ರಿಂಟರಿನ ಸುದ್ದಿ ಪರದೆಯ ಮೇಲೆ ಅಕ್ಷರ ಅಕ್ಷರವಾಗಿ ಮೂಡುತ್ತಿತ್ತು. ಆಮೇಲೆ ಲೆನ್ ಮಾರ್ಟಿನ್ ಎಲ್ಲ ಫಲಿತಾಂಶಗಳನ್ನೂ ಸಾಲಾಗಿ ಓದುತ್ತಿದ್ದರು. 1958ರ ಮೊದಲ ‘ಗ್ರ್ಯಾಂಡ್‌ಸ್ಟ್ಯಾಂಡ್’ನಿಂದ 1995ರವರೆಗೂ ಈ ಕೆಲಸಕ್ಕೆ ಇದ್ದದ್ದು ಅವರ ದನಿಯೇ. ಎರಡನೇ ತಂಡದ ಹೆಸರನ್ನು ಅವರು ಏರುದನಿಯಲ್ಲಿ ಹೇಳುತ್ತಾರೋ ಇಳಿದನಿಯಲ್ಲೋ ಎಂಬುದರಿಂದಲೇ, ಅಂಕ ಕೇಳುವ ಮೊದಲೇ, ಗೆದ್ದವರು ಯಾರೆಂದು ಗೊತ್ತಾಗಿಬಿಡುತ್ತಿತ್ತು.

ಫುಟ್‌ಬಾಲಿನ ಗಂಧವೇ ಇಲ್ಲದ ಮನೆಗಳಲ್ಲೂ ಈ ಓದನ್ನು ಕಾಗದ, ಪೆನ್ಸಿಲ್ ಹಿಡಿದು ಕೇಳುತ್ತಿದ್ದರು. ‘ಪೂಲ್ಸ್’ ಎಂಬ ಪಂತ ಅದಕ್ಕೆ ಕಾರಣ. ಲಿಟಲ್‌ವುಡ್ಸ್, ವೆರ್ನನ್ಸ್‌ನಂಥ ಕಂಪನಿಗಳು ಮನೆಮನೆಗೆ ಕೂಪನ್ ಕಳಿಸುತ್ತಿದ್ದವು. ಯಾವ ಪಂದ್ಯಗಳು ಸಮವಾಗಿ ಮುಗಿಯುತ್ತವೆ ಎಂದು ವಾರದ ಮಧ್ಯದಲ್ಲೇ ಊಹಿಸಿ, ಗುರುತು ಹಾಕಿ, ಸಣ್ಣ ಮೊತ್ತದೊಂದಿಗೆ ವಾಪಸು ಕಳಿಸಬೇಕು. ಊಹೆ ಸರಿಹೋದರೆ ಬದುಕೇ ಬದಲಾಗುವಷ್ಟು ಹಣ. ಹೀಗಾಗಿ ಸಂಜೆ ಐದರ ಹೊತ್ತಿಗೆ ಕೋಟಿಗಟ್ಟಲೆ ಜನ ಟಿವಿ ಮುಂದೆ ಕೂತಿರುತ್ತಿದ್ದರು. ಫಲಿತಾಂಶ ಮುಗಿದ ಮರುಗಳಿಗೆ ಅವರೆಲ್ಲ ಎದ್ದು ಹೋಗುವ ಭಯವಿತ್ತು. ಆ ಸಂಜೆಯಲ್ಲಿ ಮುಂದೆ ಬರುವ ಪ್ರತಿಯೊಂದು ಕಾರ್ಯಕ್ರಮವೂ ಈ ಒಂದು ಭಯಕ್ಕೆ ಕೊಟ್ಟ ಉತ್ತರ ಎನ್ನಬಹುದು.

‘ಡಾಕ್ಟರ್ ಹೂ’ ಹುಟ್ಟಿದ್ದೇ ಹಾಗೆ. 1963ರಲ್ಲಿ ಬಿಬಿಸಿಯ ಶನಿವಾರದ ಪಟ್ಟಿಯಲ್ಲಿ ಒಂದು ತೂತು ಇತ್ತು. ಅತ್ತ ಗಂಡಸರು ನೋಡುವ ‘ಗ್ರ್ಯಾಂಡ್‌ಸ್ಟ್ಯಾಂಡ್’, ಇತ್ತ ಹದಿಹರೆಯದವರ ಪಾಪ್ ಸಂಗೀತದ ‘ಜೂಕ್ ಬಾಕ್ಸ್ ಜ್ಯೂರಿ’, ನಡುವೆ ಜನ ಸೋರಿಹೋಗುತ್ತಿದ್ದರು. ಮಕ್ಕಳನ್ನು ಹಿಡಿಯಬೇಕು, ಆಗಷ್ಟೇ ಆಟ ನೋಡಿ ಮುಗಿಸಿದ ಅಪ್ಪನನ್ನೂ ಬಿಡಬಾರದು, ಪಾಪ್ ಹಾಡಿಗೆ ಕಾದಿರುವ ಅಕ್ಕನೂ ಕೂರಬೇಕು. ನಾಟಕ ವಿಭಾಗದ ಮುಖ್ಯಸ್ಥ, ಕೆನಡಾದಿಂದ ಬಂದ ಸಿಡ್ನಿ ನ್ಯೂಮನ್ ಈ ಮೂವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಕಾಲದಲ್ಲಿ ಓಡಾಡುವ ಮುದುಕನ ಕಥೆಯೊಂದನ್ನು ರೂಪಿಸಿದರು. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್. ಮೊದಲ ಕಥೆಯ ನಿರ್ದೇಶಕ ವಾರಿಸ್ ಹುಸೇನ್, ಲಖನೌದಲ್ಲಿ ಹುಟ್ಟಿದವರು, ಆಗ ಅವರಿಗೆ 24 ವರ್ಷ. 1963ರ ನವೆಂಬರ್ 23ರಂದು ಮೊದಲ ಕಂತು ಬಂತು. ಹಿಂದಿನ ದಿನವಷ್ಟೇ ಅಮೆರಿಕದ ಅಧ್ಯಕ್ಷ ಕೆನಡಿಯ ಹತ್ಯೆಯಾಗಿತ್ತು. ಹಾಗಾಗಿ ಮರುವಾರ ಎರಡನೇ ಕಂತಿಗೆ ಮುನ್ನ ಮೊದಲನೆಯದನ್ನೇ ಇನ್ನೊಮ್ಮೆ ತೋರಿಸಿದರು. ವೇಳಾಪಟ್ಟಿಯ ತೂತು ಮುಚ್ಚಲು ಹೊಲಿದ ತೇಪೆ ಅರವತ್ತು ವರ್ಷ ದಾಟಿಯೂ ಜನರ ಮನಸ್ಸಿನಲ್ಲಿದೆ. ಕೊರತೆಯಿಂದ ಒಳ್ಳೆಯ ಕೆಲಸ ಹುಟ್ಟಿದ್ದಕ್ಕೆ ಟಿವಿಯ ಚರಿತ್ರೆಯಲ್ಲಿ ಇದಕ್ಕಿಂತ ಚಂದದ ಉದಾಹರಣೆ ನನಗೆ ಕಾಣುವುದಿಲ್ಲ.

1970ರ ದಶಕದಲ್ಲಿ ಇಡೀ ದೇಶಕ್ಕೆ ಇದ್ದದ್ದು ಮೂರೇ ಚಾನೆಲ್. ಬಿಬಿಸಿ-1 ಎಲ್ಲರದು. 1964ರ ಏಪ್ರಿಲ್‌ನಲ್ಲಿ ಶುರುವಾದ ಬಿಬಿಸಿ-2 ತುಸು ಬೇರೆ ಅಭಿರುಚಿಯವರದು. ಅದರ ಉದ್ಘಾಟನೆಯ ರಾತ್ರಿಯೇ ಲಂಡನ್ನಿನ ಬ್ಯಾಟರ್‌ಸೀ ವಿದ್ಯುತ್ ಕೇಂದ್ರದ ಅನಾಹುತದಿಂದ ಕರೆಂಟು ಹೋಗಿ ಕಾರ್ಯಕ್ರಮ ನಿಂತುಹೋಗಿತ್ತು. ಮೂರನೆಯದು 1955ರ ಸೆಪ್ಟೆಂಬರ್ 22ರಂದು ಆರಂಭವಾದ, ಜಾಹೀರಾತಿನಿಂದ ನಡೆಯುವ ಐಟಿವಿ. ಬಿಬಿಸಿಗೆ ದುಡ್ಡು ಬರುತ್ತಿದ್ದದ್ದು ಟಿವಿ ಇರುವ ಪ್ರತಿ ಮನೆಯೂ ಕಟ್ಟಬೇಕಾದ ಲೈಸೆನ್ಸ್ ಶುಲ್ಕದಿಂದ. 1975ರ ಏಪ್ರಿಲ್‌ನಲ್ಲಿ ಅದು ಬಣ್ಣದ ಟಿವಿಗೆ ವರ್ಷಕ್ಕೆ 18 ಪೌಂಡ್, ಕಪ್ಪು-ಬಿಳುಪಿನದಕ್ಕೆ 8 ಪೌಂಡ್ ಆಯಿತು. ನಮ್ಮಲ್ಲೂ ಆ ಕಾಲದಲ್ಲಿ ರೇಡಿಯೊಗೆ, ಟಿವಿಗೆ ಲೈಸೆನ್ಸ್ ಇತ್ತು ಎಂಬುದು ಹಿರಿಯರಿಗೆ ನೆನಪಿರುತ್ತದೆ.

ಹೀಗೆ ಆದಾಯದ ದಾರಿಗಳು ಬೇರೆಯಾಗಿದ್ದುದು ಮುಖ್ಯ. ಬಿಬಿಸಿ ಮತ್ತು ಐಟಿವಿ ನೋಡುಗರಿಗಾಗಿ ಪೈಪೋಟಿ ನಡೆಸುತ್ತಿದ್ದವೇ ಹೊರತು ಒಂದೇ ಹಣದ ಚೀಲಕ್ಕೆ ಕೈ ಹಾಕುತ್ತಿರಲಿಲ್ಲ. ಜಾಹೀರಾತಿನ ಆದಾಯ ಐಟಿವಿಗೇ ಮೀಸಲು, ಲೈಸೆನ್ಸಿನ ಹಣ ಬಿಬಿಸಿಗೇ ಮೀಸಲು. ಆದ್ದರಿಂದ ನೋಡುಗರು ಸ್ವಲ್ಪ ಕಡಿಮೆಯಾದರೂ ಯಾರೂ ಆ ವಾರವೇ ಮುಳುಗುತ್ತಿರಲಿಲ್ಲ. ಗಂಭೀರ ನಾಟಕಕ್ಕೋ ಬಡತನದ ಬಗೆಗಿನ ವರದಿಗೋ ಒಂದು ಗಂಟೆ ಬಿಟ್ಟುಕೊಡುವ ಧೈರ್ಯ ಬಂದದ್ದು ಈ ವ್ಯವಸ್ಥೆಯಿಂದ.

ಧೈರ್ಯದ ಜೊತೆಗೆ ಬಲವಂತವೂ ಇತ್ತು. ಐಟಿವಿ ಒಂದು ಕಂಪನಿಯಲ್ಲ. ಮ್ಯಾಂಚೆಸ್ಟರ್ ಕಡೆಗೆ ಗ್ರಾನಡಾ, ಮಿಡ್‌ಲ್ಯಾಂಡ್ಸ್‌ಗೆ ಎಟಿವಿ, 1968ರಿಂದ ಲಂಡನ್ನಿಗೆ ವಾರದ ದಿನಗಳಲ್ಲಿ ಥೇಮ್ಸ್, ಶುಕ್ರವಾರ ಸಂಜೆಯಿಂದ ಭಾನುವಾರ ರಾತ್ರಿಯವರೆಗೆ ಲಂಡನ್ ವೀಕೆಂಡ್ ಎಂಬಂತೆ ಪ್ರದೇಶಕ್ಕೊಂದು ಕಂಪನಿ. ಇವುಗಳಿಗೆಲ್ಲ ಪರವಾನಗಿ ಕೊಡುವ, ಕಾರ್ಯಕ್ರಮ ಪಟ್ಟಿಯನ್ನು ಒಪ್ಪುವ ಅಧಿಕಾರ ಒಂದು ಸಾರ್ವಜನಿಕ ಪ್ರಾಧಿಕಾರದ ಕೈಯಲ್ಲಿತ್ತು. ಗಂಟೆಗೆ ಸರಾಸರಿ 6 ನಿಮಿಷ, ಯಾವ ಗಂಟೆಯಲ್ಲೂ 7 ನಿಮಿಷಕ್ಕೆ ಮೀರದಂತೆ ಜಾಹೀರಾತು. ವಿದೇಶಿ ಕಾರ್ಯಕ್ರಮ ಸುಮಾರು ಶೇ. 14ಕ್ಕೆ ಸೀಮಿತ. ಜನ ಹೆಚ್ಚು ಕೂತಿರುವ ಹೊತ್ತಿನಲ್ಲೇ ಸುದ್ದಿ ವಿಶ್ಲೇಷಣೆಗೂ ಜಾಗ ಇರಬೇಕು. ಗ್ರಾನಡಾದ ತನಿಖಾ ಕಾರ್ಯಕ್ರಮ ‘ವರ್ಲ್ಡ್ ಇನ್ ಆ್ಯಕ್ಷನ್’ ಸೋಮವಾರ ಬರುತ್ತಿತ್ತು. ಅದೇ ಸಂಜೆ 7:30ಕ್ಕೆ ದೇಶವೇ ನೋಡುವ ‘ಕಾರೊನೇಷನ್ ಸ್ಟ್ರೀಟ್’ ಧಾರಾವಾಹಿ. ಧಾರಾವಾಹಿಗೆಂದು ಕೂತವರಲ್ಲಿ ಬಹಳಷ್ಟು ಮಂದಿ ಕೂತಲ್ಲೇ ಉಳಿದು ತನಿಖಾ ವರದಿಯನ್ನೂ ನೋಡುತ್ತಿದ್ದರು.

ಅವರು ಹಾಗೆ ಉಳಿಯುತ್ತಿದ್ದುದಕ್ಕೆ ಸರಳ ಕಾರಣವೊಂದಿದೆ. ಹೆಚ್ಚಿನ ಮನೆಗಳಲ್ಲಿ ರಿಮೋಟ್ ಇರಲಿಲ್ಲ. ಚಾನೆಲ್ ಬದಲಿಸಬೇಕೆಂದರೆ ಎದ್ದು ಹೋಗಿ ಗುಂಡಿ ಒತ್ತಬೇಕು. ಒಂದು ಕಾರ್ಯಕ್ರಮದ ನೋಡುಗರಲ್ಲಿ ದೊಡ್ಡ ಪಾಲು ಮುಂದಿನದಕ್ಕೂ ಸಿಗುತ್ತಾರೆ ಎಂಬುದನ್ನು ಪಟ್ಟಿ ಕಟ್ಟುವವರು ಚೆನ್ನಾಗಿ ತಿಳಿದಿದ್ದರು. ಹೊಸದನ್ನೋ ಕಷ್ಟದ್ದನ್ನೋ ಎರಡು ಜನಪ್ರಿಯ ಕಾರ್ಯಕ್ರಮಗಳ ನಡುವೆ ಇಡುತ್ತಿದ್ದರು. ನಮ್ಮ ಸಂಗೀತ ಕಚೇರಿಯ ಕ್ರಮವನ್ನು ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾದೀತು: ವರ್ಣದಿಂದ ಸಭೆಯನ್ನು ಕೂರಿಸಿ, ಚುರುಕಾದ ಕೃತಿಯಿಂದ ಬಿಸಿ ಏರಿಸಿ, ಕಿವಿ ಹದವಾದ ಮೇಲೆ ವಿಸ್ತಾರದ ರಾಗಕ್ಕೆ ಹೋಗಿ, ಕೊನೆಗೆ ದೇವರನಾಮಕ್ಕೆ ಇಳಿಯುವುದು.

ಶನಿವಾರದ ಕ್ರಮ ಸಾಮಾನ್ಯವಾಗಿ ಹೀಗಿರುತ್ತಿತ್ತು. ಆಟ, ಚಿಕ್ಕದೊಂದು ಸುದ್ದಿ, ಆಮೇಲೆ 25 ನಿಮಿಷದ ‘ಡಾಕ್ಟರ್ ಹೂ’. ಅದರ ಕೊನೆಯಲ್ಲಿ ಯಾರಾದರೂ ಸಾಯುವ ಅಂಚಿನಲ್ಲಿರಬೇಕು, ಮುಂದಿನ ಶನಿವಾರಕ್ಕೆ ಅದೇ ಆಮಿಷ. ನಂತರ 1971ರ ಅಕ್ಟೋಬರ್‌ನಲ್ಲಿ ಶುರುವಾದ ‘ಜನರೇಷನ್ ಗೇಮ್’, ನಡೆಸಿಕೊಡುತ್ತಿದ್ದವರು ಬ್ರೂಸ್ ಫೋರ್ಸಿತ್. ಡಚ್ಚರ ಕಾರ್ಯಕ್ರಮವೊಂದರಿಂದ ಎತ್ತಿಕೊಂಡ ಈ ಆಟದ ನಿಯಮವೇ ಒಂದು ಉಪಾಯ: ಪ್ರತಿ ಜೋಡಿಯಲ್ಲೂ ಒಂದೇ ಮನೆಯ ಎರಡು ತಲೆಮಾರಿನವರು ಇರಬೇಕು. ಅಪ್ಪ-ಮಗಳು, ಅತ್ತೆ-ಅಳಿಯ. ಪರದೆಯ ಮೇಲೆ ಇರುವವರಂಥವರೇ ಸೋಫಾದ ಮೇಲೂ ಕೂತಿರುತ್ತಾರೆ. ಕುಂಬಾರಿಕೆಯಲ್ಲೋ ಕುಣಿತದಲ್ಲೋ ಪಳಗಿದವರು ಮೊದಲು ಮಾಡಿ ತೋರಿಸುತ್ತಾರೆ, ಸ್ಪರ್ಧಿಗಳು ಅದನ್ನೇ ಮಾಡಲು ಹೋಗಿ ಪಡಿಪಾಟಲು ಪಡುತ್ತಾರೆ. ಕೊನೆಗೆ ಚಲಿಸುವ ಪಟ್ಟಿಯ ಮೇಲೆ ಬಹುಮಾನದ ಸಾಮಾನುಗಳು ಸಾಲಾಗಿ ಹಾದುಹೋಗುತ್ತವೆ. ನೆನಪಿಟ್ಟುಕೊಂಡು ಹೇಳಿದ್ದೆಲ್ಲ ಗೆದ್ದವರಿಗೆ. ಮನೆಯಲ್ಲಿ ಕೂತವರೂ ಗಟ್ಟಿಯಾಗಿ ಕೂಗಿ ಆಡಬಹುದಾದ ಆಟ ಇದು.

ಏಳರ ನಂತರ ಕಥೆಗಳ ಸರದಿ. ದಶಕದ ಮಧ್ಯದವರೆಗೂ ‘ಡಿಕ್ಸನ್ ಆಫ್ ಡಾಕ್ ಗ್ರೀನ್’ ಇತ್ತು. ಲಂಡನ್ನಿನ ಬಡ ಮೊಹಲ್ಲಾದ ಒಳ್ಳೆಯ ಪೊಲೀಸನ ಧಾರಾವಾಹಿ. 1955ರಲ್ಲಿ ಶುರುವಾಗಿ 1976ರಲ್ಲಿ ಮುಗಿದಾಗ ನಾಯಕ ಪಾತ್ರದ ಜ್ಯಾಕ್ ವಾರ್ನರ್‌ಗೆ 80 ವರ್ಷ. ಆಮೇಲೆ ‘ಟೂ ರಾನೀಸ್’ ತರಹದ ಹಾಸ್ಯ, ಅಥವಾ ಹಾಡು-ಕುಣಿತದ ಪ್ರದರ್ಶನ, ಅಥವಾ ‘ಕೋಜ್ಯಾಕ್’ನಂಥ ಅಮೆರಿಕನ್ ಪತ್ತೇದಾರಿ. ಹತ್ತರ ಸುಮಾರಿಗೆ ಸುದ್ದಿ, ಆಮೇಲೆ ‘ಮ್ಯಾಚ್ ಆಫ್ ದ ಡೇ’. ಲೀಗ್ ಪಂದ್ಯವನ್ನು ನೇರವಾಗಿ ತೋರಿಸಿದರೆ ಮೈದಾನಕ್ಕೆ ಯಾರೂ ಬರುವುದಿಲ್ಲವೆಂದು ಕ್ಲಬ್‌ಗಳು ಹೆದರಿದ್ದವು. ಆದ್ದರಿಂದ ಮಧ್ಯಾಹ್ನ ಅಂಕವಾಗಿ ಮಾತ್ರ ಬಂದ ಆಟ ರಾತ್ರಿ ಆಯ್ದ ದೃಶ್ಯಗಳಾಗಿ ಬರುತ್ತಿತ್ತು. ಕೊನೆಗೆ ಮೈಕೆಲ್ ಪಾರ್ಕಿನ್‌ಸನ್ ಅವರ ಮಾತುಕತೆ.

ಈ ಸಾಲಿನಲ್ಲಿದ್ದ ಇನ್ನೊಂದನ್ನು ಬಿಟ್ಟು ಮುಂದೆ ಹೋಗುವುದು ಅಪ್ರಾಮಾಣಿಕವಾದೀತು. ‘ಬ್ಲ್ಯಾಕ್ ಅಂಡ್ ವೈಟ್ ಮಿನ್‌ಸ್ಟ್ರೆಲ್ ಶೋ’ ಎಂಬುದರಲ್ಲಿ ಬಿಳಿಯ ಗಾಯಕರು ಮುಖಕ್ಕೆ ಕಪ್ಪು ಬಳಿದುಕೊಂಡು ಹಾಡುತ್ತಿದ್ದರು. 1958ರಲ್ಲಿ ಶುರುವಾದದ್ದು, 1967ರಲ್ಲೇ ಜನಾಂಗೀಯ ತಾರತಮ್ಯ ವಿರೋಧಿ ಸಂಘಟನೆ ನಿಲ್ಲಿಸಿ ಎಂದು ಮನವಿ ಕೊಟ್ಟರೂ 1978ರವರೆಗೆ ನಡೆಯಿತು. ಎಲ್ಲರಿಗೂ ಎಂದು ಕಟ್ಟಿದ ಸಂಜೆಯಲ್ಲಿ ಕರಿಯರು, ಏಷ್ಯನ್ನರು ಆ ‘ಎಲ್ಲರ’ ಲೆಕ್ಕಕ್ಕೆ ಬಂದಿರಲಿಲ್ಲ. ಭಾರತ, ಪಾಕಿಸ್ತಾನದಿಂದ ಬಂದು ನೆಲೆಸಿದವರಿಗಾಗಿ ಬಿಬಿಸಿ ಹಿಂದುಸ್ತಾನಿಯಲ್ಲಿ ‘ನಯೀ ಜಿಂದಗಿ ನಯಾ ಜೀವನ್’ ಎಂಬ ಕಾರ್ಯಕ್ರಮ ಕೊಡುತ್ತಿತ್ತು. ಅದಕ್ಕೆ ಸಿಕ್ಕ ಜಾಗ ಭಾನುವಾರದ ಬೆಳಗ್ಗೆ. ಸಂಜೆಯ ಹಾಸ್ಯಗಳಲ್ಲಿ ಭಾರತೀಯರು ಕಂಡದ್ದು ಬಹುಮಟ್ಟಿಗೆ ನಗೆಪಾಟಲಿನ ಪಾತ್ರಗಳಾಗಿ. ಐಟಿವಿಯಲ್ಲಿ 1977ರಿಂದ ಬಂದ ‘ಮೈಂಡ್ ಯುವರ್ ಲ್ಯಾಂಗ್ವೇಜ್’ ನಮ್ಮಲ್ಲಿ ಬಹಳ ಮಂದಿಗೆ ಗೊತ್ತು, 1990ರ ದಶಕದಲ್ಲಿ ದೂರದರ್ಶನದ ‘ಜಬಾನ್ ಸಂಭಾಲ್‌ಕೇ’ ಅದರದೇ ಹಿಂದಿ ರೂಪ.

ಪಟ್ಟಿಯನ್ನು ಕಾಗದದ ಮೇಲೆ ಕಟ್ಟುವುದು ಒಂದಾದರೆ ಅದನ್ನು ಗಡಿಯಾರಕ್ಕೆ ಹೊಂದಿಸಿ ಪ್ರಸಾರ ಮಾಡುವುದು ಇನ್ನೊಂದು. ಈ ಎರಡನೆಯ ಕೆಲಸ ನನಗೆ ಹೆಚ್ಚು ಪ್ರಿಯ. ಲಂಡನ್ನಿನ ವೈಟ್ ಸಿಟಿಯಲ್ಲಿ 1960ರಲ್ಲಿ ತೆರೆದ ಬಿಬಿಸಿ ಟೆಲಿವಿಷನ್ ಸೆಂಟರಿನ ಒಂದು ನಿಯಂತ್ರಣ ಕೊಠಡಿಯಲ್ಲಿ ಇದು ನಡೆಯುತ್ತಿತ್ತು. ಕಾರ್ಯಕ್ರಮಗಳು ನಾಲ್ಕಾರು ಕಡೆಯಿಂದ ಬರುತ್ತಿದ್ದವು: ಸ್ಟುಡಿಯೊದಿಂದ ನೇರವಾಗಿ, ಮೈದಾನದ ಪಕ್ಕ ನಿಂತ ವಾಹನದಿಂದ, ಸಿನಿಮಾ ರೀಲನ್ನು ಟಿವಿ ಚಿತ್ರವಾಗಿ ಬದಲಿಸುವ ಟೆಲಿಸಿನಿ ಯಂತ್ರದಿಂದ, ಇಲ್ಲವೇ ಎರಡು ಇಂಚು ಅಗಲದ ವಿಡಿಯೊ ಟೇಪಿನಿಂದ. ಟೇಪ್ ಯಂತ್ರ ಗುಂಡಿ ಒತ್ತಿದ ಕೂಡಲೇ ಚಿತ್ರ ಕೊಡುವುದಿಲ್ಲ. ವೇಗ ಹಿಡಿದು ಚಿತ್ರ ನೆಲೆಗೊಳ್ಳಲು ಅದಕ್ಕೆ ಹೊತ್ತು ಬೇಕು. ಹಾಗಾಗಿ ಮುಂದಿನ ಕಾರ್ಯಕ್ರಮ ಶುರುವಾಗುವ 10 ಸೆಕೆಂಡ್ ಮೊದಲೇ ಅದನ್ನು ಓಡಿಸಬೇಕು. ಆ 10 ಸೆಕೆಂಡಿನಲ್ಲಿ ಉದ್ಘೋಷಕರ ಮಾತು ಮುಗಿಯಬೇಕು, ಒಂದು ಪದ ಹೆಚ್ಚಾಗುವಂತಿಲ್ಲ, ಒಂದು ಪದ ಕಡಿಮೆಯೂ ಆಗುವಂತಿಲ್ಲ.

ಉದ್ಘೋಷಕರು ಮಾತಾಡುವಾಗ ಪರದೆಯ ಮೇಲೆ ಬಿಬಿಸಿ-1ರ ಭೂಗೋಳ ತಿರುಗುತ್ತಿರುತ್ತಿತ್ತು. ಅದು ನಿಜವಾದ ಗೋಳ. ಹಿಂದೆ ಕನ್ನಡಿ ಇಟ್ಟು, ಮೋಟಾರಿನಿಂದ ತಿರುಗಿಸಿ, ದೂರದಿಂದಲೇ ಆಡಿಸಬಹುದಾದ ಕಪ್ಪು-ಬಿಳುಪು ಕ್ಯಾಮೆರಾದಿಂದ ಹಿಡಿಯುತ್ತಿದ್ದರು, ಬಣ್ಣವನ್ನು ಆಮೇಲೆ ವಿದ್ಯುನ್ಮಾನ ವಿಧಾನದಿಂದ ತುಂಬುತ್ತಿದ್ದರು. ಪಕ್ಕದಲ್ಲೇ ಗಡಿಯಾರ. ಕ್ಯಾಮೆರಾ ಗೋಳದಿಂದ ಗಡಿಯಾರಕ್ಕೆ ಕತ್ತು ತಿರುಗಿಸಿದರೆ ಸುದ್ದಿಯ ಹೊತ್ತು.

ಆಗಿನ ಪಟ್ಟಿಗಳಲ್ಲಿ ಕಾರ್ಯಕ್ರಮಗಳು 5:50ಕ್ಕೆ, 6:15ಕ್ಕೆ, 8:10ಕ್ಕೆ ಹೀಗೆ ಚಿಲ್ಲರೆ ವೇಳೆಗೆ ಶುರುವಾಗುವುದನ್ನು ನೋಡಿ ಹಲವರಿಗೆ ಸೋಜಿಗವಾಗುತ್ತದೆ. ಕಾರಣ ಇದು: ಬಿಬಿಸಿಯಲ್ಲಿ ಜಾಹೀರಾತಿಲ್ಲ. ಅಮೆರಿಕದಿಂದ ಕೊಂಡ ಒಂದು ಗಂಟೆಯ ಕಾರ್ಯಕ್ರಮದಲ್ಲಿ ಜಾಹೀರಾತಿನ ಜಾಗ ತೆಗೆದರೆ ಸುಮಾರು 50 ನಿಮಿಷ ಉಳಿಯುತ್ತದೆ. ತಾನೇ ತಯಾರಿಸಿದ ಕಾರ್ಯಕ್ರಮಗಳನ್ನು ಹೊರದೇಶಕ್ಕೆ ಮಾರಬೇಕೆಂದರೂ ಅದೇ ಅಳತೆ ಅನುಕೂಲ. ಗಂಟೆ, ಅರ್ಧ ಗಂಟೆಗೆ ಕೂರದ ಈ ತುಂಡುಗಳನ್ನು ಒಂದಕ್ಕೊಂದು ಜೋಡಿಸುತ್ತ ಹೋದರೆ ಅಲ್ಲಲ್ಲಿ ಎರಡು-ಮೂರು ನಿಮಿಷ ಖಾಲಿ ಉಳಿಯುತ್ತದೆ. ಅಲ್ಲಿಗೆ ಮುಂದಿನ ಕಾರ್ಯಕ್ರಮಗಳ ತುಣುಕು, ಇಲ್ಲವೇ ಸರಕಾರದ ಮಾಹಿತಿ ಇಲಾಖೆ ಪುಕ್ಕಟೆ ಕೊಡುತ್ತಿದ್ದ ಕಿರುಚಿತ್ರ: ರಸ್ತೆ ದಾಟುವುದು ಹೇಗೆ, ಅಪರಿಚಿತರ ಜೊತೆ ಹೋಗಬೇಡಿ, ಬೆಂಕಿಕಡ್ಡಿ ಮುಟ್ಟಬೇಡಿ. ಬಿಬಿಸಿಯ ಎರಡು ಚಾನೆಲ್‌ಗಳಲ್ಲೂ ಒಂದೇ ಹೊತ್ತಿಗೆ ಹೊಸ ಕಾರ್ಯಕ್ರಮ ಶುರುವಾಗುವಂತೆ ಸಂಜೆಯಲ್ಲಿ ಕೆಲವು ಸಂಧಿಗಳನ್ನು ಇಟ್ಟಿರುತ್ತಿದ್ದರು. ಆ ಹೊತ್ತಿಗೆ ಸರಿಯಾಗಿ ಉದ್ಘೋಷಕರು, ಇದು ಬೇಡವಾದರೆ ಅತ್ತ ಬಿಬಿಸಿ-2ರಲ್ಲಿ ಒಪೆರಾ ಇದೆ, ಸ್ನೂಕರ್ ಇದೆ ಎಂದು ಹೇಳಿ ದಾರಿ ತೋರಿಸುತ್ತಿದ್ದರು. ಸ್ನೂಕರ್ ಟಿವಿಗೆ ಬಂದದ್ದರಲ್ಲೂ ಒಂದು ಲೆಕ್ಕಾಚಾರವಿತ್ತು: ಬಿಬಿಸಿ-2ಗೆ 1967ರಲ್ಲಿ ಬಣ್ಣ ಬಂದ ಮೇಲೆ, ಬಣ್ಣವಿಲ್ಲದೆ ಅರ್ಥವೇ ಆಗದ ಆಟವೊಂದು ಬೇಕಾಗಿತ್ತು. 1969ರಲ್ಲಿ ‘ಪಾಟ್ ಬ್ಲ್ಯಾಕ್’ ಶುರುವಾಯಿತು.

ಐಟಿವಿಯ ಕಷ್ಟ ಬೇರೆ ಥರದ್ದು. ಮ್ಯಾಂಚೆಸ್ಟರಿನಿಂದ ಹೊರಟ ಧಾರಾವಾಹಿ ದೇಶದ ತುಂಬ ಒಂದೇ ಹೊತ್ತಿಗೆ ಪ್ರಸಾರವಾಗುತ್ತದೆ, ಆದರೆ ನಡುವಿನ ಜಾಹೀರಾತು ಪ್ರದೇಶಕ್ಕೊಂದು. ಎಲ್ಲ ಕಂಪನಿಗಳೂ ಒಂದೇ ಸೆಕೆಂಡಿಗೆ ಧಾರಾವಾಹಿಯಿಂದ ಹೊರಬಂದು, ತಮ್ಮ ತಮ್ಮ ಜಾಹೀರಾತು ಹಾಕಿ, ಮತ್ತೆ ಒಂದೇ ಸೆಕೆಂಡಿಗೆ ಒಳಗೆ ಹೋಗಬೇಕು. ಅದಕ್ಕೆ ಅವರು ಮಾಡಿಕೊಂಡಿದ್ದ ಸಂಜ್ಞೆ ಪರದೆಯ ಮೇಲಿನ ಬಲಮೂಲೆಯಲ್ಲಿ ಮೂಡುವ ಕಪ್ಪು-ಬಿಳಿ ಗೆರೆಗಳ ಪುಟ್ಟ ಚೌಕ. ಬಿಡುವಿಗೆ ಒಂದು ನಿಮಿಷ ಇದ್ದಾಗ ಅದು ಕಾಣಿಸಿಕೊಳ್ಳುತ್ತಿತ್ತು, 5 ಸೆಕೆಂಡ್ ಇದ್ದಾಗ ಮಾಯವಾಗುತ್ತಿತ್ತು. ಎಂಜಿನಿಯರುಗಳಿಗೆಂದು ಹಾಕಿದ ಈ ಗುರುತನ್ನು ಮನೆಯಲ್ಲಿ ಕೂತ ಚೂಟಿ ಮಕ್ಕಳೂ ಪತ್ತೆ ಹಚ್ಚಿದ್ದರು.

ಬಿಡುವಾಯಿತೆಂದರೆ ಜನ ಏಳುತ್ತಾರೆ. ಬ್ರಿಟನ್ನಿನವರು ಎದ್ದು ಮಾಡುವ ಮೊದಲ ಕೆಲಸ ಚಹಾಕ್ಕೆ ನೀರಿಡುವುದು, ಅದೂ ವಿದ್ಯುತ್ ಕೆಟಲಿನಲ್ಲಿ. ಒಂದು ಕೆಟಲಿಗೆ ಎರಡು-ಮೂರು ಕಿಲೊವ್ಯಾಟ್. ಲಕ್ಷಗಟ್ಟಲೆ ಕೆಟಲ್ ಒಂದೇ ನಿಮಿಷಕ್ಕೆ ಹಚ್ಚಿದರೆ ವಿದ್ಯುತ್ ಜಾಲದ ಮೇಲೆ ಬೀಳುವ ಹೊರೆ ಊಹಿಸಿಕೊಳ್ಳಿ. ಬೇಡಿಕೆ ಹೀಗೆ ಹಠಾತ್ತನೆ ಏರಿದಾಗ ಸರಬರಾಜು ಹೆಚ್ಚಿಸದಿದ್ದರೆ ಇಡೀ ಜಾಲದ ಆವರ್ತನವೇ 50 ಹರ್ಟ್ಸ್‌ನಿಂದ ಕುಸಿಯುತ್ತದೆ. ಕಲ್ಲಿದ್ದಲ ಸ್ಥಾವರ ಅಷ್ಟು ಬೇಗ ಮೈ ಕೊಡವಿ ಏಳುವುದಿಲ್ಲ. ಆದ್ದರಿಂದ ವಿದ್ಯುತ್ ನಿಯಂತ್ರಣ ಕೇಂದ್ರದವರು ಟಿವಿ ಕಾರ್ಯಕ್ರಮ ಪಟ್ಟಿಯನ್ನು ಮುಂದಿಟ್ಟುಕೊಂಡು, ಯಾವ ಧಾರಾವಾಹಿ ಎಷ್ಟು ಹೊತ್ತಿಗೆ ಮುಗಿಯುತ್ತದೆ, ಅದಕ್ಕೆ ಎಷ್ಟು ಜನ ಕೂತಿರುತ್ತಾರೆ ಎಂದು ಲೆಕ್ಕ ಹಾಕಿ ತಯಾರಾಗುತ್ತಿದ್ದರು. ವೇಲ್ಸ್‌ನ ಫೆಸ್ಟಿನಿಯೋಗ್‌ನಲ್ಲಿ 1963ರಿಂದ 360 ಮೆಗಾವ್ಯಾಟಿನ ಒಂದು ಜಲವಿದ್ಯುತ್ ಕೇಂದ್ರವಿತ್ತು. ರಾತ್ರಿ ಬೇಡಿಕೆ ಇಲ್ಲದಾಗ ನೀರನ್ನು ಬೆಟ್ಟದ ಮೇಲಿನ ಕೆರೆಗೆ ಎತ್ತಿಟ್ಟು, ಬೇಕಾದಾಗ ಬಿಟ್ಟು ನಿಮಿಷಗಳಲ್ಲೇ ವಿದ್ಯುತ್ ಕೊಡುವ ಏರ್ಪಾಡು. 1984ರಲ್ಲಿ ಅದಕ್ಕಿಂತ ಬಹಳ ದೊಡ್ಡದಾದ ಡಿನಾರ್ವಿಗ್ ಕೇಂದ್ರ ಬಂತು. 1990ರ ಜುಲೈ 4ರಂದು ವಿಶ್ವಕಪ್ ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ ಪಶ್ಚಿಮ ಜರ್ಮನಿಗೆ ಪೆನಾಲ್ಟಿಯಲ್ಲಿ ಸೋತ ಗಳಿಗೆಯಲ್ಲಿ ಬೇಡಿಕೆ 2,800 ಮೆಗಾವ್ಯಾಟ್ ಜಿಗಿಯಿತು. ಇಡೀ ದೇಶ ಒಂದನ್ನೇ ನೋಡುತ್ತಿತ್ತು ಎಂಬ ಮಾತಿಗೆ ಯಾವ ಸಮೀಕ್ಷೆಗಿಂತಲೂ ಗಟ್ಟಿಯಾದ ಸಾಕ್ಷಿ ಈ ಅಂಕಿ.

ವಿದ್ಯುತ್ತಿಗೂ ಟಿವಿಗೂ ಇದ್ದ ನಂಟು ಒಮ್ಮೆ ತಿರುಗಿಬಿದ್ದದ್ದೂ ಉಂಟು. 1973ರ ಕೊನೆಯಲ್ಲಿ ತೈಲ ಬಿಕ್ಕಟ್ಟು, ಗಣಿ ಕಾರ್ಮಿಕರ ಹೋರಾಟ ಒಟ್ಟಿಗೆ ಬಂದಾಗ, ಡಿಸೆಂಬರ್ 17ರಿಂದ ಎಲ್ಲ ಚಾನೆಲ್‌ಗಳೂ ರಾತ್ರಿ 10:30ಕ್ಕೆ ಮುಚ್ಚಬೇಕೆಂದು ಸರಕಾರ ಆಜ್ಞೆ ಮಾಡಿತು. ಹಬ್ಬದ ದಿನಗಳಿಗೆ ತುಸು ವಿನಾಯಿತಿ ಕೊಟ್ಟು, ಫೆಬ್ರವರಿಯಲ್ಲಿ ಚುನಾವಣೆ ಘೋಷಣೆಯಾದಾಗ ಇದನ್ನು ತೆಗೆದರು. ಸರಕಾರ ಟಿವಿಯ ಗಂಟೆಗಳನ್ನು ಎಣಿಸುವುದು ಅಲ್ಲಿಯವರಿಗೆ ಹೊಸದೇನಲ್ಲ. 1957ರವರೆಗೆ ಸಂಜೆ 6ರಿಂದ 7ರ ತನಕ ಟಿವಿ ಖಾಲಿ ಇರುತ್ತಿತ್ತು, ಮಕ್ಕಳನ್ನು ಮಲಗಿಸಲು ಅನುಕೂಲವಾಗಲಿ ಎಂದು. ಭಾನುವಾರ ಸಂಜೆ ಸುಮಾರು 70 ನಿಮಿಷ ಬಿಬಿಸಿ, ಐಟಿವಿ ಎರಡರಲ್ಲೂ ಧಾರ್ಮಿಕ ಕಾರ್ಯಕ್ರಮಕ್ಕೇ ಮೀಸಲಾಗಿತ್ತು. 1972ರ ಜನವರಿಯಲ್ಲಿ ಪ್ರಸಾರದ ಗಂಟೆಗಳ ಮೇಲಿನ ಮಿತಿಯನ್ನು ಸರಕಾರ ತೆಗೆದುಹಾಕಿತು.

ಉಳಿದದ್ದು ರಾತ್ರಿ 9ರ ಗೆರೆ. ಅದಕ್ಕೆ ಮೊದಲು ಬರುವುದೆಲ್ಲ ಮಕ್ಕಳು ನೋಡಬಹುದಾದದ್ದು, ಆಮೇಲಿನದು ಪೋಷಕರ ಜವಾಬ್ದಾರಿ. 1976ರಲ್ಲಿ ‘ಡಾಕ್ಟರ್ ಹೂ’ನ ಒಂದು ಕಂತು ನಾಯಕನ ತಲೆಯನ್ನು ನೀರಿನಲ್ಲಿ ಅದುಮಿ ಹಿಡಿದ ದೃಶ್ಯದಲ್ಲಿ ನಿಂತಾಗ, ಟಿವಿಯ ನೈತಿಕತೆಗಾಗಿ ಹೋರಾಡುತ್ತಿದ್ದ ಮೇರಿ ವೈಟ್‌ಹೌಸ್ ಸಂಜೆ ಆರರ ಹೊತ್ತಿಗೆ ಮಕ್ಕಳಿಗೆ ತೋರಿಸುವುದೇ ಇದನ್ನು ಎಂದು ಪ್ರತಿಭಟಿಸಿದರು. ಬಿಬಿಸಿ ಕ್ಷಮೆ ಕೇಳಿ ಆ ದೃಶ್ಯವನ್ನು ಕತ್ತರಿಸಿತು. ಕಥೆಯ ಮಟ್ಟಿಗೆ ನನಗೆ ಆ ಕತ್ತರಿ ಇಷ್ಟವಿಲ್ಲ. ಆದರೆ ಮನೆಮಂದಿಯೆಲ್ಲ ಕೂತು ನೋಡುವ ಹೊತ್ತಿಗೆ ಒಂದು ಒಪ್ಪಂದವಿದೆ ಎಂದು ಎರಡು ಕಡೆಯವರೂ ನಂಬಿದ್ದರು, ಜಗಳವೂ ಆ ನಂಬಿಕೆಯ ಒಳಗೇ ನಡೆಯಿತು.

ಪೈಪೋಟಿಯ ಶಕ್ತಿ ಎಷ್ಟೆಂದು ತಿಳಿಯಲು 1979ನ್ನು ನೋಡಬೇಕು. ಆ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಮುಷ್ಕರದಿಂದಾಗಿ ಐಟಿವಿ ಹೆಚ್ಚುಕಡಿಮೆ ಇಡೀ ದೇಶದಲ್ಲಿ ಸ್ತಬ್ಧವಾಯಿತು. ‘ಡಾಕ್ಟರ್ ಹೂ’ನ ‘ಸಿಟಿ ಆಫ್ ಡೆತ್’ ಕಥೆಯ ಕೊನೆಯ ಕಂತಿಗೆ 1 ಕೋಟಿ 60 ಲಕ್ಷ ನೋಡುಗರು ಸಿಕ್ಕಿದರು. ಮರುವರ್ಷ ಐಟಿವಿ ಅದೇ ಹೊತ್ತಿಗೆ ‘ಬಕ್ ರಾಜರ್ಸ್’ ಎಂಬ ಅಮೆರಿಕನ್ ಧಾರಾವಾಹಿಯನ್ನು ಇಟ್ಟಾಗ ಡಾಕ್ಟರನ ನೋಡುಗರು ದಂಡುದಂಡಾಗಿ ಅತ್ತ ಹೋದರು. ಅಲ್ಲಿಯವರೆಗೆ ಪ್ರದೇಶಕ್ಕೊಂದು ವೇಳೆ ಇಟ್ಟುಕೊಂಡಿದ್ದುದೇ ಐಟಿವಿಯ ದೌರ್ಬಲ್ಯವಾಗಿತ್ತು. ‘ಸ್ಪೇಸ್: 1999’ರಂಥ ದುಬಾರಿ ಸರಣಿಯನ್ನೂ ಒಂದೊಂದು ಊರಲ್ಲಿ ಒಂದೊಂದು ದಿನ ತೋರಿಸಿ ಅದರ ಬಲವನ್ನು ಚದುರಿಸಿಬಿಟ್ಟಿದ್ದರು.

ಯಾರಿಗೆ ಎಷ್ಟು ನೋಡುಗರು ಎಂಬ ಲೆಕ್ಕದಲ್ಲೂ 1981ರವರೆಗೆ ಏಕಮತವಿರಲಿಲ್ಲ. ಐಟಿವಿಯವರು ಟಿವಿಗಳಿಗೆ ಮೀಟರ್ ಜೋಡಿಸಿ ಅಳೆಯುತ್ತಿದ್ದರು, ಬಿಬಿಸಿಯವರು ದಿನವೂ ಜನರನ್ನು ಭೇಟಿಯಾಗಿ ನಿನ್ನೆ ಏನು ನೋಡಿದಿರಿ ಎಂದು ಕೇಳುತ್ತಿದ್ದರು. ಒಂದೇ ರಾತ್ರಿಗೆ ಎರಡು ಉತ್ತರ. ಪಟ್ಟಿಗಳೂ ಎರಡು: ಬಿಬಿಸಿಯದು ‘ರೇಡಿಯೊ ಟೈಮ್ಸ್’ನಲ್ಲಿ ಮಾತ್ರ, ಐಟಿವಿಯದು ‘ಟಿವಿ ಟೈಮ್ಸ್’ನಲ್ಲಿ ಮಾತ್ರ. ಇಡೀ ವಾರದ ಪಟ್ಟಿಯನ್ನು ಬೇರೆ ಯಾವ ಪತ್ರಿಕೆಯೂ ಅಚ್ಚು ಹಾಕುವಂತಿರಲಿಲ್ಲ. 1991ರಲ್ಲಿ ಕಾನೂನು ಬದಲಾಗುವವರೆಗೂ ಮನೆಯವರು ಎರಡನ್ನೂ ಕೊಂಡು ಅಕ್ಕಪಕ್ಕ ಇಟ್ಟುಕೊಳ್ಳಬೇಕಿತ್ತು.

ಇಷ್ಟು ಜತನದಿಂದ ಕಟ್ಟಿದ ಸಂಜೆಗಳಲ್ಲಿ ಎಷ್ಟೋ ಈಗ ಇಲ್ಲ, ಇದು ನೋವಿನ ಸಂಗತಿ. ಎರಡು ಇಂಚಿನ ಟೇಪ್ ದುಬಾರಿ, ಅಳಿಸಿ ಮತ್ತೆ ಬಳಸಬಹುದು. ನಟರ, ವಾದ್ಯಗಾರರ ಸಂಘಗಳ ಜೊತೆಗಿನ ಒಪ್ಪಂದದ ಪ್ರಕಾರ ಮರುಪ್ರಸಾರಕ್ಕೆ ಮಿತಿಯಿತ್ತು. ಕಪ್ಪು-ಬಿಳುಪಿನ ಹಳೆಯದನ್ನು ಬಣ್ಣ ಬಂದ ಮೇಲೆ ಯಾರು ನೋಡುತ್ತಾರೆ ಎಂಬ ಯೋಚನೆ ಬೇರೆ. ಹೀಗೆ 1970ರ ದಶಕದ ಕೊನೆಯವರೆಗೂ ಅಳಿಸುತ್ತಲೇ ಹೋದರು. 1960ರ ದಶಕದ ‘ಡಾಕ್ಟರ್ ಹೂ’ ಕಂತುಗಳಲ್ಲಿ ತೊಂಬತ್ತಕ್ಕೂ ಹೆಚ್ಚು ಸಿಕ್ಕಿಲ್ಲ ಎಂಬುದು ಬಹುಕಾಲದ ಲೆಕ್ಕ. ಸಿಕ್ಕವುಗಳಲ್ಲಿ ಕೆಲವು ಬಂದದ್ದು ಬಹುದೂರದಿಂದ. ಹೊರದೇಶಗಳಿಗೆ ಮಾರಲು ಟಿವಿ ಚಿತ್ರವನ್ನು 16 ಮಿಲಿಮೀಟರ್ ಫಿಲ್ಮಿಗೆ ಇಳಿಸುತ್ತಿದ್ದರು. ಹಾಗೆ ಹೋದ ಪ್ರತಿಗಳಲ್ಲಿ 9 ಕಾಣೆಯಾದ ಕಂತುಗಳು ನೈಜೀರಿಯಾದ ಜೋಸ್ ನಗರದ ಟಿವಿ ಕೇಂದ್ರದಲ್ಲಿ ಸಿಕ್ಕಿದವು ಎಂದು 2013ರಲ್ಲಿ ಪ್ರಕಟವಾಯಿತು. ಮಕ್ಕಳು ಟಿವಿಯ ಮುಂದೆ ಟೇಪ್ ರೆಕಾರ್ಡರ್ ಹಿಡಿದು ದನಿಮುದ್ರಿಸಿಕೊಂಡದ್ದರಿಂದ ಉಳಿದ ಕಂತುಗಳ ಧ್ವನಿಯಾದರೂ ನಮಗೆ ದಕ್ಕಿದೆ.

1982ರ ನವೆಂಬರ್ 2ರಂದು ನಾಲ್ಕನೇ ಚಾನೆಲ್ ಬಂತು. ಅಷ್ಟರಲ್ಲಿ ವಿಡಿಯೊ ರೆಕಾರ್ಡರ್, ರಿಮೋಟ್ ಮನೆಗಳಿಗೆ ನುಗ್ಗುತ್ತಿದ್ದವು. ಕೂತವರನ್ನು ಕೂತಲ್ಲೇ ಉಳಿಸಿಕೊಳ್ಳುವ ವಿದ್ಯೆ ಅಲ್ಲಿಂದ ಮುಂದೆ ನಿಧಾನವಾಗಿ ಸವೆಯಿತು.

ಆ ಸಂಜೆಗಳನ್ನು ತಾವೇ ಹುಡುಕಿ ನೋಡಬೇಕೆನ್ನುವವರಿಗೆ ಒಂದು ದಾರಿಯಿದೆ. ‘ಬಿಬಿಸಿ ಜೀನೋಮ್’ ಎಂಬ ಸಂಗ್ರಹದಲ್ಲಿ 1923ರಿಂದ 2009ರವರೆಗಿನ ‘ರೇಡಿಯೊ ಟೈಮ್ಸ್’ ಪಟ್ಟಿಗಳು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. 1975ರ ಯಾವುದಾದರೂ ಶನಿವಾರವನ್ನು ತೆಗೆಯಿರಿ. ಮೊದಲು ವೇಳೆಗಳನ್ನು ನೋಡಿ, ಆಮೇಲೆ ಬಿಬಿಸಿ-1, ಬಿಬಿಸಿ-2 ಎರಡನ್ನೂ ಪಕ್ಕಪಕ್ಕ ಇಟ್ಟು ಎಲ್ಲಿ ಎರಡೂ ಒಟ್ಟಿಗೆ ಶುರುವಾಗುತ್ತವೆ ಎಂದು ಗುರುತು ಹಾಕಿ. ಹೊಸ ಸರಣಿ ಯಾವುದರ ಬೆನ್ನಿಗೆ ಬಂದಿದೆ, 9ರ ಆಚೆಗೆ ಏನಿಟ್ಟಿದ್ದಾರೆ, ಸುದ್ದಿ ಯಾವುದನ್ನು ಎರಡಾಗಿ ಕತ್ತರಿಸಿದೆ ಎಂಬುದನ್ನು ಗಮನಿಸಿ. ಒಂದು ಎಚ್ಚರಿಕೆ: ಅಲ್ಲಿರುವುದು ಮುಂಚೆಯೇ ಅಚ್ಚಾದ ಯೋಜನೆ. ಆಟ ಲಂಬಿಸಿದ್ದು, ಕೊನೆಗಳಿಗೆಯಲ್ಲಿ ಕಾರ್ಯಕ್ರಮ ಬದಲಾದದ್ದು ಅದರಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಐಟಿವಿಯ ಪಟ್ಟಿಗೆ ಆ ದಿನದ ಹಳೆಯ ದಿನಪತ್ರಿಕೆಗಳನ್ನು ನೋಡಬೇಕು, ಅದರಲ್ಲೂ ಯಾವ ಪ್ರದೇಶದ್ದೆಂದು ಮೊದಲು ನಿರ್ಧರಿಸಿಕೊಂಡು.